ಹಗ್ಗ, ಮರ, ಗಾಳಿ: ಡಿಸ್ಕ್ ಗಾಲ್ಫ್ ಪಂದ್ಯದ ರೋಚಕತೆ ಎಲ್ಲಿ ಹುಟ್ಟುತ್ತದೆ?

ಸಾಹಿತ್ಯ ಬಳಗದ ಪುಟದಲ್ಲಿ ಆಟದ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮ ಉತ್ತರ ಸರಳವಾದದ್ದು. ಒಂದು ಕಥೆ ಓದುಗನನ್ನು ಕೊನೆಯ ಪುಟದವರೆಗೆ ಹಿಡಿದಿಡುವುದು ಹೇಗೆ, ನಾಟಕವೊಂದರಲ್ಲಿ ಪ್ರೇಕ್ಷಕನ ಎದೆಬಡಿತ ಏರುವುದು ಯಾವ ಘಳಿಗೆಯಲ್ಲಿ ಎಂಬ ಚರ್ಚೆಯನ್ನು ನಾವು ಬಹುಕಾಲದಿಂದ ನಡೆಸುತ್ತ ಬಂದಿದ್ದೇವೆ. ಅದೇ ಪ್ರಶ್ನೆಗಳು ನಾವು ಎಣಿಸದಿದ್ದ ದಿಕ್ಕಿನಿಂದ ಬಂದು ನಮ್ಮೆದುರು ನಿಂತವು. 2021ರಲ್ಲಿ, ಕೋವಿಡ್‌ನ ಎರಡನೆಯ ಅಲೆಯಿಂದ ಮುಂಬಯಿ ಇನ್ನೂ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ, ಸಭೆಗಳಿಲ್ಲದೆ ಮನೆಯಲ್ಲೇ ಉಳಿದಿದ್ದ ನಮ್ಮಲ್ಲಿ ಕೆಲವರು ಡಿಸ್ಕ್ ಗಾಲ್ಫ್ ಎಂಬ ಆಟವನ್ನು ಪರದೆಯ ಮೇಲೆ ಮೊದಲ ಬಾರಿಗೆ ಕಂಡೆವು. ಅಂದು ಕುತೂಹಲಕ್ಕೆಂದು ನೋಡಿದ್ದು ಇಂದು ಅಭ್ಯಾಸವಾಗಿದೆ. ಅಮೆರಿಕದ ಮಧ್ಯಾಹ್ನ ನಮ್ಮ ನಡುರಾತ್ರಿಯಾದ್ದರಿಂದ ನಿದ್ದೆಗೆಟ್ಟದ್ದೂ ಉಂಟು.

ಹಾಗೆ ನೋಡುತ್ತ ಹೋದಂತೆ ಒಂದು ಸಂಗತಿ ನಮ್ಮ ಗಮನಕ್ಕೆ ಬಂತು. ಆಟಗಾರರು ಅವರೇ. ಅವರ ಕೌಶಲ್ಯವೂ ವಾರದಿಂದ ವಾರಕ್ಕೆ ಹೆಚ್ಚು ಕಡಿಮೆ ಅಷ್ಟೇ. ಆದರೂ ಒಂದು ಪಂದ್ಯ ನಮ್ಮನ್ನು ಕುರ್ಚಿಯ ತುದಿಗೆ ಎಳೆದು ತಂದರೆ, ಮತ್ತೊಂದು ಆಕಳಿಕೆ ತರಿಸುತ್ತಿತ್ತು. ವ್ಯತ್ಯಾಸ ಎಲ್ಲಿದೆಯೆಂದು ಹುಡುಕಿದಾಗ ಮತ್ತೆ ಮತ್ತೆ ನೆಲದ ಕಡೆಗೇ ನಮ್ಮ ಕಣ್ಣು ಹೋಯಿತು. ಆಟಗಾರ ಎಸೆಯುವ ಮೊದಲೇ, ಆ ನೆಲವನ್ನು ಆಟಕ್ಕೆ ಅಣಿಗೊಳಿಸಿದಾತ ಪಂದ್ಯದ ಅರ್ಧ ಭಾಗವನ್ನು ಬರೆದು ಮುಗಿಸಿರುತ್ತಾನೆ. ಆ ಬರವಣಿಗೆ ಹೇಗಿರಬೇಕು ಎಂಬ ಬಗ್ಗೆ ನಮಗೊಂದು ಅಭಿಪ್ರಾಯವಿದೆ. ರೋಚಕತೆ ಶಿಕ್ಷೆಯ ಕಾಠಿಣ್ಯದಿಂದ ಹುಟ್ಟುವುದಿಲ್ಲ, ಆಟಗಾರನ ಎದುರಿಗೆ ಇಟ್ಟ ಆಯ್ಕೆಯಿಂದ ಹುಟ್ಟುತ್ತದೆ. ಇಂದಿನ ವೃತ್ತಿಪರ ಪಂದ್ಯಾವಳಿಗಳು ಈ ಸತ್ಯವನ್ನು ಒಮ್ಮೆ ನೆನೆದು ಇನ್ನೊಮ್ಮೆ ಮರೆಯುತ್ತಿವೆ.

ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಗಾಲ್ಫಿನ ಚೆಂಡು ಮತ್ತು ಕೋಲಿನ ಬದಲು ಇಲ್ಲಿ ಇರುವುದು ಕೈಯಿಂದ ಎಸೆಯುವ ಪ್ಲಾಸ್ಟಿಕ್ ತಟ್ಟೆ. ನೆಲದ ಕುಳಿಯ ಬದಲು ಕಂಬಕ್ಕೆ ಜೋಡಿಸಿದ ಲೋಹದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ಬುಟ್ಟಿಯನ್ನು ಹೋಲ್ ಎಂದೇ ಕರೆಯುವುದು ವಾಡಿಕೆ. ಸಾಮಾನ್ಯವಾಗಿ 18 ಹೋಲ್‌ಗಳು. ಅತಿ ಕಡಿಮೆ ಎಸೆತಗಳಲ್ಲಿ ಎಲ್ಲವನ್ನೂ ಮುಗಿಸಿದವನೇ ವಿಜೇತ. ಪ್ರತಿ ಹೋಲಿಗೂ ಇಷ್ಟು ಎಸೆತ ಎಂಬ ನಿಗದಿಯಿದೆ, ಅದು ಪಾರ್. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ತಟ್ಟೆಯ ಗುಣವನ್ನೂ ತಿಳಿದಿರಬೇಕು. ಬಲಗೈಯವರು ಎದೆಗೆ ಅಡ್ಡಲಾಗಿ ತೋಳೆಳೆದು ಎಸೆದ ತಟ್ಟೆ ವೇಗ ಕುಗ್ಗಿದಾಗ ಸಹಜವಾಗಿ ಎಡಕ್ಕೆ ಬಾಗಿ ಇಳಿಯುತ್ತದೆ. ಹಾಗಾಗಿ ಇಲ್ಲಿ ನೇರ ದಾರಿ ಎಂಬುದು ಅಪರೂಪ. ಪ್ರತಿ ಎಸೆತವೂ ಗಾಳಿಯಲ್ಲಿ ಬರೆದ ಒಂದು ಬಾಗಿದ ಗೆರೆ.

ಈ ಆಟಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ಮುಖ್ಯರು ಎಡ್ ಹೆಡ್ರಿಕ್. ವ್ಯಾಮ್-ಓ ಕಂಪನಿಯಲ್ಲಿದ್ದಾಗ ಫ್ರಿಸ್ಬಿಯ ಹಾರಾಟವನ್ನು ಸ್ಥಿರಗೊಳಿಸಿದವರು ಅವರೇ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಕೋರ್ಸ್ ಸಿದ್ಧವಾಯಿತು. ಅಲ್ಲಿ ಮೊದಲಿಗೆ ಗುರಿಯಾಗಿದ್ದದ್ದು ಬರಿಯ ಕಂಬಗಳು. ತಟ್ಟೆ ಕಂಬಕ್ಕೆ ತಗುಲಿತೋ ಇಲ್ಲವೋ ಎಂಬ ಜಗಳ ತಪ್ಪಿದ್ದು ಸರಪಳಿಯ ಬುಟ್ಟಿ ಬಂದ ಮೇಲೆ. ಈ ಸಣ್ಣ ಸಂಗತಿಯಲ್ಲೇ ನಮ್ಮ ವಾದದ ಬೀಜವಿದೆ. ಬುಟ್ಟಿ ಬಂದದ್ದರಿಂದ ಫಲಿತಾಂಶ ಎಲ್ಲರ ಕಣ್ಣಿಗೂ ಕಾಣುವಂತಾಯಿತು, ಕಿವಿಗೂ ಕೇಳುವಂತಾಯಿತು. ಸರಪಳಿಯ ಝಣತ್ಕಾರ ಕೇಳಿದ ಕ್ಷಣ ದೂರದಲ್ಲಿ ನಿಂತವನಿಗೂ ಏನಾಯಿತೆಂದು ಗೊತ್ತಾಗುತ್ತದೆ. ವಿನ್ಯಾಸವೊಂದು ನೋಡುಗನನ್ನು ಆಟದೊಳಕ್ಕೆ ಕರೆದುಕೊಂಡ ಮೊದಲ ಉದಾಹರಣೆ ಇದೇ ಇರಬೇಕು.

ಇನ್ನು ರೋಚಕತೆಯ ಲೆಕ್ಕಕ್ಕೆ ಬರೋಣ. ವೃತ್ತಿಪರ ಪಂದ್ಯದಲ್ಲಿ ನಾಲ್ವರು ಒಂದು ಗುಂಪಾಗಿ ಆಡುತ್ತಾರೆ. ಒಂದು ಹೋಲಿನಲ್ಲಿ ನಾಲ್ವರೂ ಮೂರು ಎಸೆತಗಳಲ್ಲಿ ಮುಗಿಸಿದರು ಎನ್ನಿ. ಎಸೆತಗಳು ಎಷ್ಟೇ ಸುಂದರವಾಗಿರಲಿ, ಹೋಲಿಗೆ ಬರುವಾಗ ಇದ್ದ ಅಂತರವೇ ಹೋಗುವಾಗಲೂ ಉಳಿಯಿತು. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ನಾಲ್ವರೂ ಬರ್ಡಿ ಗಳಿಸಿದರೂ ಮಾತು ಅಷ್ಟೇ. ಆದ್ದರಿಂದ ಒಂದು ಹೋಲು ಸುಲಭವೋ ಕಷ್ಟವೋ ಎಂಬ ಪ್ರಶ್ನೆ ನೋಡುಗನಿಗೆ ಮುಖ್ಯವಲ್ಲ. ಒಬ್ಬ ಎರಡರಲ್ಲಿ, ಇಬ್ಬರು ಮೂರರಲ್ಲಿ, ಮತ್ತೊಬ್ಬ ನಾಲ್ಕರಲ್ಲಿ ಮುಗಿಸುವ ಸಾಧ್ಯತೆ ಅಲ್ಲಿ ಇದೆಯೇ ಎಂಬುದೇ ಮುಖ್ಯ. ಅತಿ ಸುಲಭವಾದ ಹೋಲೂ ಅತಿ ಕಠಿಣವಾದ ಹೋಲೂ ಒಂದೇ ದೋಷವನ್ನು ಹಂಚಿಕೊಂಡಿವೆ. ಎರಡೂ ಆಟಗಾರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಕಳುಹಿಸಿಬಿಡುತ್ತವೆ.

ಹಾಗೆಂದು ಅಂತರ ಹುಟ್ಟಿಸಿದ್ದೆಲ್ಲ ಒಳ್ಳೆಯ ಹೋಲಲ್ಲ. ನಾಣ್ಯ ಚಿಮ್ಮಿಸಿದರೂ ಅಂತರ ಹುಟ್ಟುತ್ತದೆ. ಆದ್ದರಿಂದ ನಾವು ಮೂರು ಪರೀಕ್ಷೆಗಳನ್ನು ಮುಂದಿಡುತ್ತೇವೆ. ಮೊದಲನೆಯದು ಆಯ್ಕೆ: ಧೈರ್ಯದ ದಾರಿ, ಎಚ್ಚರದ ದಾರಿ ಎರಡೂ ಅಲ್ಲಿ ಇರಬೇಕು, ಎರಡಕ್ಕೂ ಅದರದರ ಬೆಲೆ ಇರಬೇಕು. ಎರಡನೆಯದು ಅರ್ಹತೆ: ಒಳ್ಳೆಯ ಎಸೆತಕ್ಕೆ ಬಹುಪಾಲು ಒಳ್ಳೆಯ ಫಲ, ಕೆಟ್ಟದ್ದಕ್ಕೆ ಕೆಟ್ಟದ್ದು ಸಿಗಬೇಕು. ಮೂರನೆಯದು ಸ್ಪಷ್ಟತೆ: ಏನನ್ನು ಗೆಲ್ಲಬಹುದು, ಏನನ್ನು ಕಳೆದುಕೊಳ್ಳಬಹುದು ಎಂಬುದು ಎಸೆತಕ್ಕೆ ಮುಂಚೆಯೇ ನೋಡುಗನಿಗೆ ತಿಳಿದಿರಬೇಕು. ಭಯವಾಗಲಿ ಆಸೆಯಾಗಲಿ ಮುಂಚಿತವಾಗಿ ಹುಟ್ಟಬೇಕಾದ ಭಾವಗಳು. ತಟ್ಟೆ ಬಿದ್ದ ಮೇಲೆ ಅಲ್ಲಿ ಅಪಾಯವಿತ್ತು ಎಂದು ವಿವರಣೆಗಾರ ಹೇಳಿದರೆ ನಮಗೆ ಮಾಹಿತಿ ಸಿಗುತ್ತದೆ, ಉತ್ಕಂಠೆ ಸಿಗುವುದಿಲ್ಲ.

ಕೇವಲ ಉದ್ದ ಈ ಮೂರರಲ್ಲಿ ಯಾವುದನ್ನೂ ಕೊಡಲಾರದು. 2016ರಲ್ಲಿ ಡೇವಿಡ್ ವಿಗಿನ್ಸ್ ಜೂನಿಯರ್ ನೆವಾಡಾದ ಮರುಭೂಮಿಯಲ್ಲಿ ಬೆನ್ನ ಗಾಳಿಯ ನೆರವಿನಿಂದ ತಟ್ಟೆಯನ್ನು 338 ಮೀಟರ್ ಎಸೆದು ವಿಶ್ವದಾಖಲೆ ಮಾಡಿದರು. ಕೇಳಿದವರು ಬೆರಗಾಗುತ್ತಾರೆ, ಆಗಬೇಕಾದ್ದೇ. ಆದರೆ ಬೆರಗು ಒಂದು ಕ್ಷಣದ್ದು. ಇಂದಿನ ಅಗ್ರ ಆಟಗಾರರು 150 ಮೀಟರನ್ನು ಮೀರಿ ಎಸೆಯಬಲ್ಲರು ಎಂಬ ಕಾರಣಕ್ಕೆ ಹೋಲ್‌ಗಳನ್ನು ಎಳೆದು ಎಳೆದು ಉದ್ದಮಾಡುವುದು ಒಂದು ಚಾಳಿಯಾಗಿದೆ. ಬಯಲಿನಲ್ಲಿ ಉದ್ದವಾದ ಹೋಲು ತೋಳಿನ ಬಲವನ್ನು ಅಳೆಯುತ್ತದೆ, ಮನಸ್ಸನ್ನು ಅಳೆಯುವುದಿಲ್ಲ. ಎಲ್ಲರೂ ಒಂದೇ ಬಗೆಯ ತಟ್ಟೆಯನ್ನು ಒಂದೇ ದಿಕ್ಕಿಗೆ ಬಲವಿದ್ದಷ್ಟೂ ಬೀಸುವುದನ್ನು ಹದಿನೆಂಟು ಸಲ ನೋಡುವುದರಲ್ಲಿ ಕಥೆಯೇನೂ ಉಳಿಯದು.

ಉದ್ದಕ್ಕೆ ಮದ್ದೆಂದು ಬಂದದ್ದು ಹಗ್ಗ. ದಕ್ಷಿಣ ಕೆರೊಲಿನಾದ ರಾಕ್ ಹಿಲ್ ಊರಿನ ವಿನ್‌ತ್ರಾಪ್ ವಿಶ್ವವಿದ್ಯಾಲಯದ ಆವರಣದಲ್ಲಿ 1999ರಿಂದ ಅಮೆರಿಕದ ಡಿಸ್ಕ್ ಗಾಲ್ಫ್ ಚಾಂಪಿಯನ್‌ಷಿಪ್ ನಡೆಯುತ್ತ ಬಂದಿದೆ. ಕೆರೆಯೊಂದರ ಸುತ್ತ ಹರಡಿದ ಹುಲ್ಲುಗಾವಲು, ಅಲ್ಲಲ್ಲಿ ಮರಗಳು. ಹೆಚ್ಚಿನ ಅಡೆತಡೆ ಇಲ್ಲದ ಈ ನೆಲವನ್ನು ವಿನ್ಯಾಸಕ ಹೆರಾಲ್ಡ್ ಡುವಾಲ್ ಹಳದಿ ಹಗ್ಗ ಎಳೆದು ಪರೀಕ್ಷೆಯ ಅಂಗಳವಾಗಿಸಿದರು. ಹಗ್ಗದ ಆಚೆ ಬಿದ್ದ ತಟ್ಟೆ ಗಡಿ ಮೀರಿದಂತೆ, ಅದಕ್ಕೆ ಒಂದು ಎಸೆತದ ದಂಡ. ಖಾಲಿ ಬಯಲಿನಲ್ಲಿ ಇಲ್ಲದ ನದಿಯನ್ನು, ಇಲ್ಲದ ಪ್ರಪಾತವನ್ನು ಒಂದು ಹಗ್ಗ ತಂದು ನಿಲ್ಲಿಸಬಲ್ಲದು. ಕಡಿಮೆ ಖರ್ಚಿನ, ಪಂದ್ಯ ಮುಗಿದ ಮೇಲೆ ಸುತ್ತಿಡಬಹುದಾದ ಉಪಾಯ. ಅದು ಬಹುಬೇಗ ಎಲ್ಲ ಕಡೆ ಹಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ.

ವಿನ್‌ತ್ರಾಪ್‌ನ 17ನೆಯ ಹೋಲ್ ಈ ಬಗೆಯ ವಿನ್ಯಾಸದ ಪ್ರಸಿದ್ಧ ಮಾದರಿ. ದೂರ ಈ ಮಟ್ಟದ ಆಟಗಾರರಿಗೆ ದೊಡ್ಡದೇನಲ್ಲ. ಆದರೆ ಬುಟ್ಟಿಯ ಸುತ್ತ ಒಣಹುಲ್ಲಿನ ಪೆಂಡಿಗಳನ್ನು ಜೋಡಿಸಿ ಒಂದು ದ್ವೀಪ ಮಾಡಿರುತ್ತಾರೆ. ತಟ್ಟೆ ಆ ದ್ವೀಪದೊಳಗೆ ಇಳಿದು ನಿಲ್ಲಬೇಕು, ಇಲ್ಲವಾದರೆ ದಂಡ. ನಾಲ್ಕು ದಿನ ಆಡಿ ಗಳಿಸಿದ ಮುನ್ನಡೆಯನ್ನು ಹೊತ್ತು ಬಂದವನು ಇಲ್ಲಿ ನಿಂತಾಗ ಅವನ ಉಸಿರಾಟ ನಮಗೆ ಕೇಳಿಸಿದಂತಾಗುತ್ತದೆ. ಇಲ್ಲಿ ಆಯ್ಕೆ ಹೆಚ್ಚಿಲ್ಲ. ಆದರೆ ಸ್ಪಷ್ಟತೆ ಪೂರ್ಣವಾಗಿದೆ. ಆಟ ಗೊತ್ತಿಲ್ಲದ ಮಗುವಿಗೂ ಪೆಂಡಿಯ ಒಳಗೆ, ಪೆಂಡಿಯ ಹೊರಗೆ ಎಂಬುದು ಅರ್ಥವಾಗುತ್ತದೆ. ಕೊನೆಯ ಹೋಲಿಗೆ ಒಂದು ಹೆಜ್ಜೆ ಮೊದಲು ಇಂಥದೊಂದು ಬಾಗಿಲು ಇರುವುದು ನಮಗೆ ಒಪ್ಪಿಗೆ.

ಒಪ್ಪಿಗೆಯಾಗದ್ದು ಇದನ್ನೇ ಹದಿನೆಂಟಕ್ಕೂ ಹರಡುವ ಪ್ರವೃತ್ತಿ. ಹಗ್ಗದ ಶಿಕ್ಷೆ ಅಳತೆಯಿಲ್ಲದ್ದು. ಗೆರೆಯಿಂದ ಒಂದು ಗೇಣು ಆಚೆ ಬಿದ್ದ ತಟ್ಟೆಗೂ ಮೂವತ್ತು ಮೀಟರ್ ಆಚೆ ಹಾರಿಹೋದ ತಟ್ಟೆಗೂ ಅದೇ ದಂಡ. ಗೆರೆಯ ಒಳಗೆ ಕೂದಲೆಳೆಯಷ್ಟು ಉಳಿದರೆ ದಂಡವೇ ಇಲ್ಲ. ಮಾರ್ಪಾಡಿಲ್ಲದ ಇಂಥ ಗೆರೆಗಳು ಹೆಚ್ಚಿದಷ್ಟೂ ಆಟಗಾರ ಧೈರ್ಯವನ್ನು ಕೈಬಿಟ್ಟು ಗೆರೆಯಿಂದ ದೂರ ಎಸೆಯತೊಡಗುತ್ತಾನೆ; ನೋಡುಗನೂ ಎಸೆತದ ಸೊಬಗನ್ನು ಬಿಟ್ಟು ಗಡಿಯ ತೀರ್ಪಿಗಾಗಿ ಕಾಯತೊಡಗುತ್ತಾನೆ. ಹುಲ್ಲಿನ ಮೇಲೆ ಹಗ್ಗ ಕ್ಯಾಮೆರಾಕ್ಕೆ ಸರಿಯಾಗಿ ಕಾಣದೇ ಹೋಗುವುದು ಬೇರೆ. ತಟ್ಟೆ ಇಳಿದ ಮೇಲೆ ಅಧಿಕಾರಿ ಬಾವುಟ ಎತ್ತಿದನೋ ಇಲ್ಲವೋ ಎಂದು ನೋಡಬೇಕಾದ ಸ್ಥಿತಿಯಲ್ಲಿ, ನಮ್ಮ ಮೂರನೆಯ ಪರೀಕ್ಷೆಯೂ ಸೋಲುತ್ತದೆ.

ಹಗ್ಗಕ್ಕೆ ಎದುರಾಗಿ ನಿಲ್ಲುವುದು ಮರ. ಮ್ಯಾಸಚೂಸೆಟ್ಸ್‌ನ ಲೆಸ್ಟರ್ ಊರಿನಲ್ಲಿ ಮೇಪಲ್ ಹಿಲ್ ಎಂಬ ಕೋರ್ಸ್ ಇದೆ. ಅದು ಕ್ರಿಸ್ಮಸ್ ಮರಗಳನ್ನು ಬೆಳೆಯುವ ತೋಟವೂ ಹೌದು. ಮೊದಲ ಎಸೆತವೇ ಕೊಳದ ಮೇಲಿನಿಂದ ಹಾಯಬೇಕು. ಮುಂದೆ ಕಾಡಿನ ಓಣಿಗಳು, ಏರುಗಳು, ಇಳಿಜಾರುಗಳು, ಮತ್ತೆ ನೀರು. ಡಿಸ್ಕ್ ಗಾಲ್ಫ್ ಪ್ರೋ ಟೂರನ್ನು 2016ರಲ್ಲಿ ಹುಟ್ಟುಹಾಕಿದ ಸ್ಟೀವ್ ಡಾಡ್ಜ್ ಅವರ ಹೆಸರು ಈ ನೆಲದೊಂದಿಗೆ ಬೆಸೆದುಕೊಂಡಿದೆ. ಕಾಡಿನ ಓಣಿಯಲ್ಲಿ ನಿಂತ ಆಟಗಾರ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಯಾವ ಗೆರೆ? ಎಡಕ್ಕೆ ಬಾಗುವ ತಟ್ಟೆಯನ್ನು ಬಲದ ಕಿಂಡಿಯಿಂದ ಕಳುಹಿಸುವುದೇ, ಮುಂಗೈ ಎಸೆತದಿಂದ ಅದರ ಪ್ರತಿಬಿಂಬವನ್ನು ಬಿಡಿಸುವುದೇ, ಇಲ್ಲ ಮರಗಳ ನೆತ್ತಿಯ ಮೇಲಿಂದ ಲಂಬವಾಗಿ ಇಳಿಸುವುದೇ? ಒಂದೇ ಹೋಲಿನಲ್ಲಿ ನಾಲ್ವರು ನಾಲ್ಕು ಉತ್ತರ ಕೊಡುವುದನ್ನು ನಾವು ಕಂಡಿದ್ದೇವೆ. ನಾಲ್ಕು ಕವಿಗಳಿಗೆ ಒಂದೇ ಸಮಸ್ಯೆ ಕೊಟ್ಟು ಪೂರಣವನ್ನು ಕೇಳಿದ ಸಂತೋಷ ಅದು.

ಮರದ ಶಿಕ್ಷೆಗೆ ಅಳತೆಯೂ ಉಂಟು. ಸ್ವಲ್ಪ ತಪ್ಪಿದರೆ ಓಣಿಯ ಅಂಚಿನಲ್ಲಿ ಬಿದ್ದು ಮುಂದಿನ ಎಸೆತ ತುಸು ಕಷ್ಟವಾಗುತ್ತದೆ. ಹೆಚ್ಚು ತಪ್ಪಿದರೆ ಪೊದೆಯ ಹಿಂದೆ ಮಂಡಿಯೂರಿ ದಾರಿ ಹುಡುಕಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸಿಕ್ಕಿಬಿದ್ದವನಿಗೂ ಬಿಡಿಸಿಕೊಳ್ಳುವ ಅವಕಾಶ ಉಳಿದಿರುತ್ತದೆ. ಹಗ್ಗ ದಂಡ ವಿಧಿಸಿ ಮಾತು ಮುಗಿಸುತ್ತದೆ. ಮರ ತೊಡಕು ಒಡ್ಡಿ ಮಾತು ಮುಂದುವರಿಸುತ್ತದೆ. ತೊಡಕಿನಿಂದ ಹೊರಬರುವ ಎಸೆತವೇ ಎಷ್ಟೋ ಸಲ ಇಡೀ ದಿನದ ಅತ್ಯಂತ ನೆನಪಿನ ಎಸೆತವಾಗಿರುತ್ತದೆ.

ಮರದ ಪರವಾಗಿ ಮಾತಾಡುವಾಗ ಅದರ ದೋಷವನ್ನು ಮುಚ್ಚಿಡಬಾರದು. ಓಣಿ ತೀರ ಇಕ್ಕಟ್ಟಾದರೆ ಕೌಶಲ್ಯದ ಜಾಗಕ್ಕೆ ಅದೃಷ್ಟ ಬಂದು ಕೂರುತ್ತದೆ. ಅದ್ಭುತವಾಗಿ ಎಸೆದವನ ತಟ್ಟೆ ಬೆರಳ ಗಾತ್ರದ ಕೊಂಬೆಗೆ ತಾಗಿ ಪೊದೆ ಸೇರಿದರೆ, ಕೆಟ್ಟದಾಗಿ ಎಸೆದವನದು ಬೊಡ್ಡೆಗೆ ಬಡಿದು ಬುಟ್ಟಿಯ ಬುಡಕ್ಕೆ ಉರುಳುತ್ತದೆ. ಮೊದಲ ಸಲ ನಕ್ಕು ಸುಮ್ಮನಾಗಬಹುದು. ಐದನೆಯ ಸಲ ಪಂದ್ಯದ ಮೇಲಿನ ನಂಬಿಕೆಯೇ ಕುಸಿಯುತ್ತದೆ. ಎಲ್ಲಿ ಒಂದು ಮರವನ್ನು ಉಳಿಸಬೇಕು, ಯಾವ ಕೊಂಬೆಯನ್ನು ತೆಗೆಯಬೇಕು, ಎರಡು ಬೊಡ್ಡೆಗಳ ನಡುವೆ ಎಷ್ಟು ಕಿಂಡಿ ಬಿಡಬೇಕು ಎಂಬ ವಿವೇಕದಲ್ಲಿಯೇ ವಿನ್ಯಾಸಕನ ಹಿರಿಮೆಯಿದೆ. ನಮ್ಮ ಕಾವ್ಯಮೀಮಾಂಸಕರು ಔಚಿತ್ಯವೆಂದು ಕರೆದ ಗುಣ ಇದಕ್ಕಿಂತ ಬೇರೆಯಲ್ಲ.

ಹಗ್ಗ ಮನುಷ್ಯ ಎಳೆದದ್ದು, ಮರ ನೆಲದಲ್ಲಿ ಬೆಳೆದದ್ದು. ಮೂರನೆಯ ಎದುರಾಳಿ ಗಾಳಿ, ಅದನ್ನು ಯಾರೂ ನೆಡಲಾರರು. ಕನ್ಸಾಸ್‌ನ ಎಂಪೋರಿಯಾ ಎಂಬ ಸಣ್ಣ ಊರು ಈ ಆಟದ ದೊಡ್ಡ ಕೇಂದ್ರಗಳಲ್ಲೊಂದು. ಅಲ್ಲಿನ ಬಯಲ ಸೀಮೆಯ ಗಾಳಿ ತಟ್ಟೆಯನ್ನು ಎತ್ತುತ್ತದೆ, ಒತ್ತುತ್ತದೆ, ಬುಟ್ಟಿಯ ಹತ್ತಿರ ಬಂದದ್ದನ್ನು ಅಂಚಿನ ಮೇಲೆ ನಿಲ್ಲಿಸಿ ಉರುಳಿಸಿಕೊಂಡು ಹೋಗುತ್ತದೆ. 2022ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಈ ಊರಿನಲ್ಲೇ. ಪಾಲ್ ಮೆಕ್‌ಬೆತ್ ಮತ್ತು ಆರನ್ ಗಾಸಿಜ್ ಸಮಸಮವಾಗಿ ಮುಗಿಸಿ, ಹೆಚ್ಚುವರಿ ಹೋಲಿನ ಆಟದಲ್ಲಿ ಮೆಕ್‌ಬೆತ್ ತಮ್ಮ ಆರನೆಯ ವಿಶ್ವಪ್ರಶಸ್ತಿಯನ್ನು ಗೆದ್ದರು. ಗಾಳಿಯನ್ನು ನೆಡಲಾಗದು ನಿಜ. ಆದರೆ ಗಾಳಿ ಬೀಸುವ ದಿಕ್ಕನ್ನು ತಿಳಿದು ಹೋಲ್‌ಗಳ ದಿಕ್ಕನ್ನು ಬದಲಿಸುತ್ತ ಹೋಗಬಹುದು. ಒಂದು ಹೋಲಿನಲ್ಲಿ ಎದುರಾದ ಗಾಳಿ ಮುಂದಿನದರಲ್ಲಿ ಬೆನ್ನಿಗೆ ಬಂದರೆ, ಆಟಗಾರ ಪ್ರತಿ ಸಲವೂ ಹೊಸದಾಗಿ ಯೋಚಿಸಬೇಕಾಗುತ್ತದೆ. ಬಯಲಿನ ಕೋರ್ಸುಗಳಿಗೆ ಹಗ್ಗಕ್ಕಿಂತ ಉತ್ತಮವಾದ ಉತ್ತರ ಇದು.

ಇಷ್ಟು ಬಿಡಿ ಹೋಲ್‌ಗಳ ಮಾತಾಯಿತು. ಅವುಗಳ ಸರಣಿಯೂ ಅಷ್ಟೇ ಮುಖ್ಯ. ಧನಂಜಯನ ದಶರೂಪಕ ನಾಟಕದ ಕಾರ್ಯಕ್ಕೆ ಐದು ಅವಸ್ಥೆಗಳನ್ನು ಹೇಳುತ್ತದೆ: ಆರಂಭ, ಯತ್ನ, ಪ್ರಾಪ್ತ್ಯಾಶಾ, ನಿಯತಾಪ್ತಿ, ಫಲಾಗಮ. ಫಲ ಸಿಕ್ಕೀತೆಂಬ ಆಸೆ ಒಂದು ಹಂತ, ಸಿಕ್ಕೇ ಸಿಗುತ್ತದೆಂಬ ನಿಶ್ಚಯ ಅದರ ಮುಂದಿನ ಹಂತ. ಪಂದ್ಯದ ರೋಚಕತೆ ಪೂರ್ತಿಯಾಗಿ ಆ ಆಸೆಯ ಹಂತದಲ್ಲಿ ಉಸಿರಾಡುತ್ತದೆ. ನಿಶ್ಚಯ ಬಂದೊಡನೆ ಅದು ಮುಗಿಯಿತು. ಕೆಟ್ಟ ಕೋರ್ಸ್ ಹದಿನಾಲ್ಕನೆಯ ಹೋಲಿಗೇ ನಿಶ್ಚಯವನ್ನು ತಂದುಬಿಡುತ್ತದೆ. ಉಳಿದ ನಾಲ್ಕು ಹೋಲ್‌ಗಳಲ್ಲಿ ಯಾರೂ ಏನನ್ನೂ ಗಳಿಸಲಾರರು, ಕಳೆದುಕೊಳ್ಳಲಾರರು. ಒಳ್ಳೆಯ ಕೋರ್ಸಿನ ಕೊನೆಯ ಮೂರು ಹೋಲ್‌ಗಳಲ್ಲಿ ಹಿಂದಿರುವವನಿಗೆ ಗಳಿಸಲು ಎರಡು ಎಸೆತಗಳ ಅವಕಾಶವಿರುತ್ತದೆ, ಮುಂದಿರುವವನಿಗೆ ಕಳೆದುಕೊಳ್ಳಲು ಎರಡು ಎಸೆತಗಳ ಅಪಾಯವಿರುತ್ತದೆ. ಮೂರು ಎಸೆತಗಳ ಮುನ್ನಡೆ ಸಾಕೋ ಸಾಲದೋ ಎಂಬ ಅನುಮಾನವನ್ನು ಉಳಿಸಿಡುವುದೇ ಕೋರ್ಸಿನ ಕೊನೆಯ ಅಂಕದ ಕೆಲಸ.

ನಮ್ಮನ್ನು ಈ ಆಟದ ಹುಚ್ಚಿಗೆ ಹಚ್ಚಿದ ಘಟನೆಯನ್ನು ಇಲ್ಲಿ ನೆನೆಯಬೇಕು. 2021ರ ಜೂನ್ 26, ಯೂಟಾ ರಾಜ್ಯದ ಆಗ್ಡನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ಸುತ್ತು, ಕೊನೆಯ ಹೋಲು. ಮೆಕ್‌ಬೆತ್ ಒಂದು ಎಸೆತದಷ್ಟು ಮುಂದೆ. ಜೇಮ್ಸ್ ಕಾನ್ರಾಡ್ ಬುಟ್ಟಿಯಿಂದ 247 ಅಡಿ, ಎಂದರೆ ಸುಮಾರು 75 ಮೀಟರ್ ದೂರದಲ್ಲಿ. ಅಲ್ಲಿಂದಲೇ ತಟ್ಟೆ ಬುಟ್ಟಿಗೆ ಬಿದ್ದರೆ ಸಮ, ಇಲ್ಲವಾದರೆ ಸೋಲು. ಕಾನ್ರಾಡ್ ಎಸೆದರು. ತಟ್ಟೆ ಬಾಗಿ ಬಂದು ಸರಪಳಿಗೆ ಬಡಿದು ಬುಟ್ಟಿಯೊಳಗೆ ಕೂತಿತು. ಹೆಚ್ಚುವರಿ ಆಟದ ಮೊದಲ ಹೋಲಿನಲ್ಲಿಯೇ ಅವರು ಪ್ರಶಸ್ತಿಯನ್ನೂ ಗೆದ್ದರು. ಡಿಸ್ಕ್ ಗಾಲ್ಫಿನ ಹೆಸರನ್ನೇ ಕೇಳದವರೂ ಆ ಎಸೆತವನ್ನು ನೋಡಿದರು.

ಇದು ವಿನ್ಯಾಸದ ಫಲವಲ್ಲ, ಪವಾಡ ಎಂದು ಯಾರಾದರೂ ಹೇಳಿದರೆ ನಾವು ಅರ್ಧ ಒಪ್ಪುತ್ತೇವೆ. 75 ಮೀಟರ್ ದೂರದ ಎಸೆತವನ್ನು ಯಾವ ವಿನ್ಯಾಸಕನೂ ನಕ್ಷೆಯಲ್ಲಿ ಬರೆಯಲಾರ. ಆದರೆ ಅಂತರ ಒಂದೇ ಎಸೆತದ್ದಾಗಿ ಕೊನೆಯ ಹೋಲಿನವರೆಗೆ ಜೀವಂತವಾಗಿ ಉಳಿಯದೇ ಹೋಗಿದ್ದರೆ, ಅದೇ ಎಸೆತ ಒಂದು ಚಮತ್ಕಾರವಾಗಿ ಮಾತ್ರ ಉಳಿಯುತ್ತಿತ್ತು. ಪವಾಡ ನಡೆಯುವುದು ದೈವದ ಕೈಯಲ್ಲಿದೆ. ಅದು ನಡೆದಾಗ ಬೆಲೆಯುಳ್ಳದ್ದಾಗುವಂತೆ ನೆಲವನ್ನು ಹದಮಾಡಿಡುವುದು ಮನುಷ್ಯನ ಕೈಯಲ್ಲಿದೆ.

ಇನ್ನೊಂದು ಆಕ್ಷೇಪವಿದೆ. ಜನ ಬಯಸುವುದು ಬರ್ಡಿಗಳ ಸುರಿಮಳೆಯನ್ನಲ್ಲವೇ? 2018ರಲ್ಲಿ ಮಿಶಿಗನ್‌ನ ಟೊಬಾಗನ್ ಕೋರ್ಸಿನಲ್ಲಿ ಮೆಕ್‌ಬೆತ್ ಒಂದೇ ಸುತ್ತಿನಲ್ಲಿ ಪಾರ್‌ಗಿಂತ 18 ಕಡಿಮೆ ಎಸೆತಗಳಲ್ಲಿ ಮುಗಿಸಿದ್ದನ್ನು ಜನ ಇಂದಿಗೂ ಕೊಂಡಾಡುತ್ತಾರಲ್ಲ? ಕೊಂಡಾಡುತ್ತಾರೆ, ನಾವೂ ಕೊಂಡಾಡುತ್ತೇವೆ. ಆದರೆ ಅದು ಮೈ ನವಿರೇಳಿಸಿದ್ದು ಹಾಗೆ ಆಡಿದವನು ಅವನೊಬ್ಬನೇ ಆದದ್ದರಿಂದ. ಆ ದಿನ ಇಪ್ಪತ್ತು ಮಂದಿ ಹಾಗೆಯೇ ಮುಗಿಸಿದ್ದರೆ ಅದು ಕೋರ್ಸಿನ ದೌರ್ಬಲ್ಯದ ಸುದ್ದಿಯಾಗುತ್ತಿತ್ತು. ಅಂತರವೇ ರೋಚಕತೆಯ ತಾಯಿ ಎಂಬ ಮಾತನ್ನು ಈ ದಾಖಲೆ ಅಲ್ಲಗಳೆಯುವುದಿಲ್ಲ, ಗಟ್ಟಿಗೊಳಿಸುತ್ತದೆ.

ಮಹಿಳೆಯರ ಪಂದ್ಯಗಳಲ್ಲಿ ಈ ಎಲ್ಲ ಮಾತುಗಳು ಇನ್ನೂ ತೀಕ್ಷ್ಣವಾಗಿ ಅನ್ವಯಿಸುತ್ತವೆ. ಎಸ್ಟೋನಿಯಾದ ಕ್ರಿಸ್ಟಿನ್ ಟಟ್ಟರ್ 2022 ಮತ್ತು 2023ರಲ್ಲಿ ಬೆನ್ನುಬೆನ್ನಿಗೆ ವಿಶ್ವಪ್ರಶಸ್ತಿ ಗೆದ್ದವರು. ಅಮೆರಿಕದ ಪೇಜ್ ಪಿಯರ್ಸ್ ಐದು ಸಲ ಗೆದ್ದವರು. ಇಂಥವರ ಆಟಕ್ಕೂ ಹಲವೆಡೆ ಪುರುಷರಿಗೆಂದು ರೂಪಿಸಿದ ಹೋಲನ್ನೇ ಇಟ್ಟು, ಎಸೆಯುವ ಜಾಗವನ್ನು ಒಂದಷ್ಟು ಮುಂದಕ್ಕೆ ತಂದು ಕೈತೊಳೆದುಕೊಳ್ಳುತ್ತಾರೆ. ತಿರುವು ಇರುವ ಜಾಗ, ತಟ್ಟೆ ಇಳಿಯಬೇಕಾದ ಜಾಗ, ನೀರನ್ನು ದಾಟಬೇಕೋ ಬಳಸಬೇಕೋ ಎಂದು ತೀರ್ಮಾನಿಸುವ ಜಾಗ, ಇವು ಯಾವುವೂ ಅವರ ಎಸೆತದ ಅಳತೆಗೆ ಹೊಂದುವುದಿಲ್ಲ. ಪರಿಣಾಮವಾಗಿ ಎಲ್ಲರೂ ಎಚ್ಚರದ ದಾರಿಯನ್ನೇ ಹಿಡಿದು ಪಾರ್‌ನಲ್ಲಿ ಮುಗಿಸುತ್ತಾರೆ. ಮಹಿಳೆಯರ ಆಟ ನಿಧಾನ, ಅದರಲ್ಲಿ ಸ್ವಾರಸ್ಯ ಕಡಿಮೆ ಎಂದು ದೂರುವವರು ದೂರಬೇಕಾದದ್ದು ಆಟಗಾರ್ತಿಯರನ್ನಲ್ಲ, ಆಯ್ಕೆಯನ್ನೇ ಕೊಡದ ನಕ್ಷೆಯನ್ನು. ಅವರಿಗೆ ಮುಂದಿನ ಟೀಯಷ್ಟೇ ಸಾಲದು, ಅವರ ಎಸೆತವನ್ನು ಮನಸ್ಸಿನಲ್ಲಿಟ್ಟು ಬರೆದ ಹೋಲು ಬೇಕು.

ಕೊನೆಯದಾಗಿ, ಇದೆಲ್ಲ ಏಕೆ ಮುಖ್ಯ ಎಂಬ ಪ್ರಶ್ನೆ. ಓಕ್ ಗ್ರೋವ್‌ನಲ್ಲಿ ಹುಟ್ಟಿದ ಆಟ ಸಾರ್ವಜನಿಕ ಉದ್ಯಾನದ ಆಟ. ಇಂದಿಗೂ ಜಗತ್ತಿನ ಬಹುಪಾಲು ಕೋರ್ಸುಗಳಲ್ಲಿ ಕಾಸು ಕೊಡದೆ ಆಡಬಹುದು. ವಿಶ್ವ ಚಾಂಪಿಯನ್ ಎಸೆದ ಬುಟ್ಟಿಗೇ ಮರುದಿನ ಶಾಲೆಯ ಹುಡುಗಿಯೊಬ್ಬಳು ಎಸೆಯಬಹುದು. ಆ ಮರ ಎಷ್ಟು ಅಡ್ಡವಾಗಿದೆ, ಆ ಕೊಳ ಎಷ್ಟು ಹೆದರಿಸುತ್ತದೆ ಎಂಬುದು ಅವಳಿಗೆ ಮೈಯಲ್ಲೇ ಗೊತ್ತು. ಹಾಗೆ ಗೊತ್ತಿರುವವಳು ಪರದೆಯ ಮುಂದೆ ಕೂತಾಗ ಪಡುವ ರೋಮಾಂಚನಕ್ಕೆ ಸಾಟಿಯಿಲ್ಲ. ಸಂಗೀತ ಕಲಿತವನು ಕಛೇರಿ ಕೇಳುವ ಬಗೆ ಅದು. ದೊಡ್ಡ ಪಂದ್ಯಗಳು ಈಗ ವಿಶಾಲವಾದ ಗಾಲ್ಫ್ ಮೈದಾನಗಳ ಕಡೆಗೆ ಸರಿಯುತ್ತಿವೆ. ಅದಕ್ಕೆ ಕಾರಣಗಳೂ ಇವೆ: ಪ್ರೇಕ್ಷಕರು ನಿಲ್ಲಲು ಜಾಗವಿದೆ, ಟಿಕೆಟ್ಟು ಮಾರಬಹುದು, ಕ್ಯಾಮೆರಾಕ್ಕೆ ಅಡ್ಡಿಯಿಲ್ಲ. ಕಾಡಿನಲ್ಲಿ ಇವೆಲ್ಲ ಕಷ್ಟ. ಕಾರಣಗಳು ನ್ಯಾಯವಾದವೇ. ಆದರೆ ಹುಲ್ಲಿನ ಮೇಲೆ ನಾಲ್ಕು ದಿನಕ್ಕೆಂದು ಎಳೆದ ಹಗ್ಗ ಐದನೆಯ ದಿನ ಇರುವುದಿಲ್ಲ. ನೋಡಿದವನು ಅಲ್ಲಿಗೆ ಹೋಗಿ ತಾನೂ ಎಸೆದು ನೋಡಲಾರ. ನೋಡುಗನೂ ಆಟಗಾರನೂ ಹಂಚಿಕೊಂಡಿದ್ದ ನೆಲ ಹೀಗೆ ಸ್ವಲ್ಪ ಸ್ವಲ್ಪವಾಗಿ ಕೈತಪ್ಪುತ್ತಿದೆ.

ಆದ್ದರಿಂದ ಪಂದ್ಯಾವಳಿ ನಡೆಸುವವರಲ್ಲಿ ನಮ್ಮ ನಿವೇದನೆ ಇಷ್ಟು. ವರ್ಷದ ಪಂದ್ಯಗಳಲ್ಲಿ ಕಾಡಿನ ಕೋರ್ಸುಗಳ ಪಾಲನ್ನು ಕುಗ್ಗಿಸಬೇಡಿ. ಓಣಿಯೊಳಗೆ ಕ್ಯಾಮೆರಾ ನಿಲ್ಲಿಸುವ ದಾರಿ ಹುಡುಕಿ. ಹಗ್ಗವನ್ನು ಉಪ್ಪಿನಂತೆ ಬಳಸಿ, ಎಲ್ಲಿ ಆಯ್ಕೆಯನ್ನು ಹರಿತಗೊಳಿಸುತ್ತದೋ ಅಲ್ಲಿ ಮಾತ್ರ. ಕೊನೆಯ ಮೂರು ಹೋಲ್‌ಗಳನ್ನು ಮೊದಲು ಬರೆಯಿರಿ, ಉಳಿದವನ್ನು ಅಲ್ಲಿಗೆ ಬಂದು ಸೇರುವಂತೆ ಹೆಣೆಯಿರಿ. ಬಯಲು ನೆಲವೇ ದಕ್ಕಿದ್ದರೆ, ಈ ವರ್ಷ ಹಗ್ಗ ಎಳೆದ ಜಾಗದಲ್ಲಿಯೇ ಒಂದು ಸಾಲು ಸಸಿಗಳನ್ನೂ ನೆಡಿ. ಹಗ್ಗ ಒಂದು ಬೆಳಗಿನ ಕೆಲಸ, ಮರ ಇಪ್ಪತ್ತು ವರ್ಷದ ಕೆಲಸ. ಆಟ ಇಪ್ಪತ್ತು ವರ್ಷದ ಆಚೆಗೂ ಇರಬೇಕೆಂದು ನಂಬಿದವರು ಮರವನ್ನೇ ನೆಡುತ್ತಾರೆ.

ನಾವು ವಾಸಿಸುವ ಮುಂಬಯಿಯಲ್ಲಿ ಒಂದೇ ಒಂದು ಹೋಲಿಗೆ ಬೇಕಾದ ನೂರು ಮೀಟರ್ ಖಾಲಿ ನೆಲ ಸಿಗುವುದೂ ಕಷ್ಟ. ಈ ಆಟವನ್ನು ನಾವು ಆಡಿ ತಿಳಿದವರಲ್ಲ, ನೋಡಿ ತಿಳಿದವರು. ನೋಡುಗರಿಗೆ ಇರುವ ಹಕ್ಕು ಒಂದೇ: ಎಲ್ಲಿ ಉಸಿರು ಬಿಗಿಹಿಡಿದೆವು, ಎಲ್ಲಿ ಆಕಳಿಸಿದೆವು ಎಂಬುದನ್ನು ಪ್ರಾಮಾಣಿಕವಾಗಿ ಹೇಳುವುದು. ನೆನಪು ಮಾಡಿಕೊಂಡರೆ, ನಾವು ಉಸಿರು ಬಿಗಿಹಿಡಿದ ಪ್ರತಿ ಘಳಿಗೆಯಲ್ಲೂ ಆಟಗಾರನ ಎದುರಿಗೆ ಎರಡು ದಾರಿಗಳಿದ್ದವು. ಅವನು ಯಾವುದನ್ನು ಹಿಡಿಯುತ್ತಾನೆಂದು ನಮಗೂ ಗೊತ್ತಿರಲಿಲ್ಲ, ಬಹುಶಃ ಅವನಿಗೂ ಗೊತ್ತಿರಲಿಲ್ಲ.